ಮುರುಗೆಪ್ಪ ಓದಿದ ನೋಟೀಸು

ತಳ್ಳಿದರೆ ಹಾಕಿಕೊಳ್ಳುವುದಿಲ್ಲ, ಎಳೆದರೆ ಬರುವುದಿಲ್ಲ. ಇಂಥ ಒಂದು ಬಾಗಿಲು ಯಾರ ಮನೆಯಲ್ಲಿಲ್ಲ ಹೇಳಿ? ಪುಣೆಯ ಕೊಂಢವಾದಲ್ಲಿ ರೊಟ್ಟಿ ಖಾನಾವಳಿ ಇಟ್ಟಿರುವ ನಮ್ಮ ಮುರುಗೆಪ್ಪನ ಬಾಗಿಲೂ ಹಾಗೇ ಆಯಿತು. ಮಳೆಗೆ ಕಟ್ಟಿಗೆ ಉಬ್ಬಿದೆ ಎಂದುಕೊಂಡು ಬಡಿಗನಿಂದ ಹೆರೆಸಿದ. ಹದಿನೈದು ದಿನಕ್ಕೆ ಮತ್ತೆ ಹಿಡಿಯಿತು, ಮತ್ತೆ ಹೆರೆಸಿದ.

ಮುರುಗೆಪ್ಪ ನರಗುಂದದ ಕಡೆಯವ. ಪುಣೆಗೆ ಬಂದು ನಾಲ್ಕೇ ತಿಂಗಳು. ಒಳ್ಳೆಯ ಮನುಷ್ಯ, ಆದರೆ ತನಗೆ ಮರಾಠಿ ಪೂರಾ ಬರುತ್ತದೆ ಎಂಬ ಭ್ರಮೆ ಒಂದಿಷ್ಟು ಜಾಸ್ತಿ. ಕಟ್ಟಡದ ಗೋಡೆಗೆ ಯಾರೋ ಅಧಿಕಾರಿಗಳು ಒಂದು ನೋಟೀಸು ಅಂಟಿಸಿ ಹೋಗಿದ್ದರು. ಅದನ್ನು ಅಕ್ಷರ ಕೂಡಿಸಿ ಓದಿ, ಹೆಂಡತಿ ಪಾರವ್ವನಿಗೆ ಅರ್ಥವನ್ನೂ ಬಿಡಿಸಿ ಹೇಳಿದ: “ಧೋಕಾದಾಯಕ ಇಮಾರತ್ ಅಂತ ಬರದಾರ. ಮಾಲಕ ಯಾರಿಗೋ ಧೋಕಾ ಕೊಟ್ಟಾನ. ಅವರವರ ಜಗಳ, ನಮಗೇನು?”

ಭಾನುವಾರ ಬೆಳಿಗ್ಗೆ ರೊಟ್ಟಿ ಒಯ್ಯಲು ಪಕ್ಕದ ಓಣಿಯ ಭಾಮಾ ಬಂದಳು. ಪುಣೆಯಲ್ಲೇ ಹುಟ್ಟಿ ಬೆಳೆದ ಕನ್ನಡತಿ. ಆಪತ್ತಿನಲ್ಲಿ ನೆರವಾಗುವ ತರಬೇತಿ ಪಡೆದವಳು. ಬಾಗಿಲು ನೋಡಿದಳು, ಅದರ ಪಕ್ಕದ ಕಂಬದಲ್ಲಿ ಓರೆಯಾಗಿ ಬಿಟ್ಟ ಬಿರುಕು ನೋಡಿದಳು, ಆಮೇಲೆ ನೋಟೀಸು ಓದಿದಳು.

“ಮುರುಗೆಪ್ಪಾರ, ಮರಾಠಿಯೊಳಗ ಧೋಕಾ ಅಂದ್ರ ಮೋಸ ಅಲ್ಲರಿ, ಅಪಾಯ. ಈ ಕಟ್ಟಡ ಯಾವಾಗ ಬೇಕಾದ್ರೂ ಬೀಳ್ತದ, ಖಾಲಿ ಮಾಡ್ರಿ ಅಂತ ಬರದಾರ. ಕಂಬ ಕುಸಿಯಾಕ ಹತ್ತದ, ಅದಕ್ಕ ಬಾಗಲಾ ಹಿಡೀತದ.”

ಮುರುಗೆಪ್ಪನ ಮುಖ ಸಣ್ಣದಾಯಿತು. ಆದರೆ ಸೋಲಲು ಮನಸ್ಸಿಲ್ಲ. ಊರಲ್ಲಿ ಇದಕ್ಕಿಂತ ದೊಡ್ಡ ಬಿರುಕಿನ ಗೋಡೆಗಳು ಐವತ್ತು ವರ್ಷದಿಂದ ನಿಂತಿವೆ, ಅಮಾವಾಸ್ಯೆ ಕಳೆಯಲಿ, ಬೇರೆ ಜಾಗ ನೋಡೋಣ ಎಂದ.

ಪಾರವ್ವ ವಾದಕ್ಕೆ ನಿಲ್ಲಲಿಲ್ಲ. ಒಲೆ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಹಿಟ್ಟಿನ ಪರಾತ ಎತ್ತಿಕೊಂಡು ರಸ್ತೆಯಾಚೆಯ ಮೈದಾನದಲ್ಲಿ ಹೋಗಿ ಕುಳಿತಳು. “ನಾ ಇಲ್ಲೇ ರೊಟ್ಟಿ ಬಡೀತೀನಿ. ಹೆಂಡ್ತಿ ಬೇಕಾಗಿದ್ರ ಈ ಕಡೆ ಬರ್ರಿ.” ಉಣ್ಣಲು ಬಂದವರು ನಗುತ್ತಾ ತಾಟು ಹಿಡಿದು ಅವಳ ಹಿಂದೆ ನಡೆದರು. ಮುರುಗೆಪ್ಪನೂ ಗೊಣಗುತ್ತಾ ಹೋದ. ಗೊಣಗಲಿ ಬಿಡಿ, ಹೋದನಲ್ಲ.

ಅಷ್ಟರಲ್ಲಿ ಭಾಮಾ ಮೇಲಿನ ಮನೆಗಳ ಬಾಗಿಲು ಬಡಿದು ಎಲ್ಲರನ್ನೂ ಕೆಳಗಿಳಿಸಿದಳು. ಹಿಂದಿನ ಖೋಲಿಗೆ ಹೊರಗಿನಿಂದ ಬೀಗವಿತ್ತು. ಯಾರೂ ಇಲ್ಲ ಎಂದುಕೊಂಡು ಇಳಿದು ಬಂದಳು.

ಅರ್ಧ ತಾಸಿನಲ್ಲಿ ಕಟ್ಟಡದ ಹಿಂಭಾಗ ದೊಡ್ಡ ಸದ್ದು ಮಾಡಿ ಕುಸಿಯಿತು. ಧೂಳಿನಲ್ಲಿ ಏನೂ ಕಾಣುತ್ತಿಲ್ಲ. ಆಗ ಮುರುಗೆಪ್ಪನಿಗೆ ಹಿಂದಿನ ಖೋಲಿಯ ತಾಯಪ್ಪನ ನೆನಪಾಯಿತು. ತಾಯಪ್ಪ ರಾತ್ರಿ ಪಾಳಿಯ ವಾಚ್‌ಮನ್, ಹಗಲು ಮಲಗುವವ. ಅವನ ನಿದ್ದೆ ಕೆಡಬಾರದೆಂದು ಜೊತೆಗಾರ ಹೊರಗೆ ಬೀಗ ಹಾಕಿ ಕೆಲಸಕ್ಕೆ ಹೋಗುವುದು ರೂಢಿ.

ಮುರುಗೆಪ್ಪ ಓಡಿದ. ಭಾಮಾ ಅಂಗಿ ಹಿಡಿದು ನಿಲ್ಲಿಸಿದಳು. “ನೀವೂ ಒಳಗ ಸಿಕ್ರ ಇಬ್ಬರನ್ನ ಹುಡುಕಬೇಕಾಗ್ತದ.” ತಕ್ಷಣ ೧೧೨ಕ್ಕೆ ಫೋನು ಮಾಡಿ ಜಾಗ ಎಲ್ಲಿ, ಹತ್ತಿರ ಏನಿದೆ, ಒಳಗೆ ಎಷ್ಟು ಜನ ಎಂದು ನಿಧಾನವಾಗಿ ಹೇಳಿದಳು. ಅವಶೇಷದ ಮೇಲೆ ಹತ್ತಿದ್ದ ಜನರನ್ನು ಕೆಳಗಿಳಿಸಿದಳು. ನಮ್ಮ ಭಾರವೆಲ್ಲ ಕೆಳಗಿರುವವನ ಎದೆಯ ಮೇಲೆ ಎಂದು ತಿಳಿಸಿ ಹೇಳಿದಳು.

ಅಗ್ನಿಶಾಮಕ ದಳದವರು ಬಂದವರೇ ಎಲ್ಲರನ್ನೂ ಸುಮ್ಮನಿರಿಸಿದರು. ಗಾಡಿಗಳು ಬಂದ್ ಆದವು, ಫೋನುಗಳು ಬಂದ್ ಆದವು. ಆ ಮೌನದಲ್ಲಿ ಸಣ್ಣಗೆ ಒಂದು ಸೀಟಿ ಕೇಳಿಸಿತು. ತಾಯಪ್ಪ ಡ್ಯೂಟಿಯ ಬಟ್ಟೆಯಲ್ಲೇ ಮಲಗಿದ್ದ, ಸೀಟಿ ಜೇಬಿನಲ್ಲೇ ಇತ್ತು. ಅವನ ಮಂಚ ಎಲ್ಲಿ ಎಂದು ದಳದವರು ಕೇಳಿದರು. ದಿನಾ ಸಂಜೆ ರೊಟ್ಟಿ ಕೊಟ್ಟು ಬರುತ್ತಿದ್ದ ಮುರುಗೆಪ್ಪ ಪರಾತದ ಹಿಟ್ಟಿನಲ್ಲೇ ಬೆರಳಾಡಿಸಿ ಬಾಗಿಲು, ಕಿಟಕಿ, ಮಂಚ ಬರೆದು ತೋರಿಸಿದ. ಅದೇ ಜಾಗದಲ್ಲಿ ಒಂದೊಂದೇ ಕಲ್ಲು ತೆಗೆದರು.

ಎರಡು ತಾಸಿನ ಮೇಲೆ ತಾಯಪ್ಪ ಹೊರಬಂದ. ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡಿದ್ದ, ಕಾಲು ಮುರಿದಿತ್ತು, ಜೀವವಿತ್ತು. ಮುರುಗೆಪ್ಪ ಎಲ್ಲರ ಮುಂದೆ ಅತ್ತುಬಿಟ್ಟ. ಸ್ಟ್ರೆಚರ್ ಪಕ್ಕ ನಡೆಯುತ್ತಾ ಹೇಳಿದ: “ಓದಿದ್ನಿ ತಮ್ಮಾ, ಅರ್ಥ ಆಗಿದ್ದಿಲ್ಲ. ಯಾರನ್ನರ ಕೇಳಾಕ ನಾಚಿಕಿ ಆತು.” ಭಾಮಾಳೂ ಕಣ್ಣೊರೆಸಿಕೊಂಡು, ಬೀಗ ನೋಡಿ ನಾನೂ ಮೋಸ ಹೋದೆ, ಕೆಳಗೆ ಒಂದು ಮಾತು ಕೇಳಬೇಕಿತ್ತು ಎಂದಳು.

ಅಕ್ಕ, ಅಣ್ಣ, ಬಾಗಿಲು ಕಾರಣವಿಲ್ಲದೆ ಹಿಡಿಯುತ್ತಿದ್ದರೆ, ಕಂಬ ಬಿರಿದಿದ್ದರೆ ಬಡಿಗನನ್ನಲ್ಲ, ಎಂಜಿನಿಯರನ್ನು ಕರೆಯಿರಿ. ತಿಳಿಯದ ನೋಟೀಸನ್ನು ತಿಳಿದವರ ಹತ್ತಿರ ಓದಿಸಿ. ಹೊರಗೆ ಬಂದ ಮೇಲೆ ಸಾಮಾನಿಗಾಗಿ ಒಳಗೆ ಹೋಗಬೇಡಿ, ೧೧೨ಕ್ಕೆ ಫೋನು ಮಾಡಿ. ಮಲಗಿದವರನ್ನು ಒಳಗಿಟ್ಟು ಹೊರಗೆ ಬೀಗ ಹಾಕಲೇಬೇಡಿ. ನಿಮ್ಮ ಕಟ್ಟಡದಲ್ಲಿ ಹಗಲು ಮಲಗುವವರು ಯಾರಿದ್ದಾರೆ, ಯಾವ ಖೋಲಿಯಲ್ಲಿ ಮಲಗುತ್ತಾರೆ, ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿಕೊಂಡು ಬನ್ನಿ.