ಹಿಂದಿನ ಹೊಲದ ಗೇಟು

ಏಪ್ರಿಲ್ ಇಪ್ಪತ್ತು, ಶುಕ್ರವಾರ, ಬೆಳಗ್ಗೆ ಏಳು ಗಂಟೆ ಐವತ್ತು ನಿಮಿಷ. ಡೀವರ್ ಬ್ರೆಗ್ಮನ್ ಹಿಂದಿನ ಹೊಲದ ಗೇಟಿನ ಮುಂದೆ ನಿಂತಿದ್ದಳು. ಗೇಟು ಹಾಕಿತ್ತು.

ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು. ತೆರೆದೇ ಇರುತ್ತದೆ ಎಂದುಕೊಂಡು ಬಂದಿದ್ದಳು. ಗಂಡ ರೈಂಡರ್ಟ್ ನಸುಕಿನಲ್ಲೇ ಎದ್ದು ಆ ಹೊಲಕ್ಕೆ ಹೋಗಿ ಬಂದಿದ್ದ, ಮತ್ತು ರೈಂಡರ್ಟ್ ಹುಟ್ಟಿದ್ದು ಟ್ಯುಲಿಪ್ ಗೆಡ್ಡೆ ಬೆಳೆಯುವವರ ಮನೆಯಲ್ಲಿ. ಗೆಡ್ಡೆ ಓಡಿಹೋಗುವುದಿಲ್ಲ, ಆದ್ದರಿಂದ ಗೆಡ್ಡೆಯವರಿಗೆ ಗೇಟು ಹಾಕಿ ಗೊತ್ತಿಲ್ಲ ಎಂಬುದು ಆ ಸೀಮೆಯ ದನದವರೆಲ್ಲ ಒಪ್ಪಿದ ಮಾತು. ಮೂವತ್ತಮೂರು ವರ್ಷದ ಹಿಂದೆ ಡೀವರ್‌ಳನ್ನು ಮದುವೆಯಾಗಿ ಅವಳ ಅಪ್ಪನ ಮನೆಗೆ ಮನೆಯಳಿಯನಾಗಿ ಬಂದ ಮೊದಲ ವಾರದಲ್ಲೇ ಅವನು ಹದಿನಾಲ್ಕು ಕಡಸುಗಳನ್ನು ಚರ್ಚಿನ ಅಂಗಳಕ್ಕೆ ಬಿಟ್ಟುಬಿಟ್ಟಿದ್ದ. ಊರು ಅದನ್ನು ಇನ್ನೂ ಮರೆತಿಲ್ಲ.

ಅಂದು ದನ ಬಿಡುವ ದಿನ. ಅಕ್ಟೋಬರ್ ಕೊನೆಯಿಂದ ಕೊಟ್ಟಿಗೆಯಲ್ಲೇ ಇದ್ದ ಐವತ್ತೆಂಟು ಹಸುಗಳು ಹನ್ನೊಂದು ಗಂಟೆಗೆ ಹುಲ್ಲಿಗೆ ಬರಬೇಕು. ಆ ಬೆಳಗ್ಗೆ ಜಮೀನಿನ ಪ್ರತಿ ಗೇಟನ್ನೂ ಕಣ್ಣಿಂದ ನೋಡಿದರೆ ಸಾಲದು, ಕೈಯಿಂದ ಮುಟ್ಟಿ ಅಲುಗಿಸಬೇಕು. ಅದು ಅವಳ ಅಪ್ಪ ಹಾಕಿದ ನಿಯಮ. ಡೀವರ್ ಒಂಬತ್ತನ್ನು ಮುಟ್ಟಿ ಮುಗಿಸಿದ್ದಳು. ಇದು ಹತ್ತನೆಯದು. ಮುಂದಿನ ಹುಲ್ಲುಗಾವಲು ಮುಗಿಯುವ ಕಡೆ, ಕಾಲುವೆಯ ಮೇಲಿನ ಮಣ್ಣಿನ ದಾರಿಯಲ್ಲಿ ಇದ್ದದ್ದು. ಅದರಾಚೆ ಎರಡು ಹೆಕ್ಟೇರ್ ನೆಲ. ಅವಳ ಅಜ್ಜನ ಕಾಲದಿಂದ ನೇಗಿಲು ಕಾಣದ ಹುಲ್ಲು ಅದು. ಈಗ ಟ್ಯುಲಿಪ್.

ಗೆಡ್ಡೆಗೆ ಪ್ರತಿ ವರ್ಷ ಹೊಸ ನೆಲ ಬೇಕು. ಗೆಡ್ಡೆಯವರು ದನದವರ ಹುಲ್ಲನ್ನು ಒಂದು ವರ್ಷಕ್ಕೆ ಕೇಳಿ ಪಡೆಯುವುದು ಅಲ್ಲೆಲ್ಲ ಮಾಮೂಲು. ಕಳೆದ ಶರತ್ಕಾಲದಲ್ಲಿ ರೈಂಡರ್ಟ್‌ನ ಅಣ್ಣ ಕೇಳಿದ, ರೈಂಡರ್ಟ್ ನಡುವೆ ನಿಂತ, ಡೀವರ್ ಎರಡು ವಾರ ಮಾತಾಡದೆ ಇದ್ದು ಕೊನೆಗೆ ಒಪ್ಪಿದಳು. ಒಪ್ಪಿದ ದಿನ ಹೇಳಿದ್ದು ಒಂದೇ ಮಾತು: "ಅದು ಮತ್ತೆ ಹುಲ್ಲಾಗೋವರೆಗೆ ನಾನು ಅಲ್ಲಿಗೆ ಕಾಲಿಡಲ್ಲ." ಆಡಿದ ಮೇಲೆ ನಡೆಸುವವಳು. ಕಾಲಿಟ್ಟಿರಲಿಲ್ಲ. ಕಾಲುವೆಯುದ್ದದ ಮಣ್ಣಿನ ಏರಿಯ ಮರೆಯಿದ್ದುದರಿಂದ ಕೊಟ್ಟಿಗೆಯಿಂದ ಆ ಹೊಲ ಕಾಣುತ್ತಲೂ ಇರಲಿಲ್ಲ.

ಹೊಲದ ಬಹುಪಾಲು ಅಣ್ಣನ ಕೆಂಪು ಟ್ಯುಲಿಪ್. ನಡುವಿನ ಒಂದು ಪಾತಿ ಮಾತ್ರ ರೈಂಡರ್ಟ್‌ನದು. ಹತ್ತೊಂಬತ್ತು ವರ್ಷದ ಹಿಂದೆ ಅವನು ಎರಡು ತಳಿ ಕೂಡಿಸಿ ಬೀಜ ಮಾಡಿ, ಗೊಬ್ಬರದ ತೊಟ್ಟಿಯ ಹಿಂದಿನ ಒಂದು ಮೂಲೆಯಲ್ಲಿ ಬಿತ್ತಿದ್ದ. ಬೀಜದಿಂದ ಮೊದಲ ಹೂವು ಬರಲು ಏಳು ವರ್ಷ ಹಿಡಿಯಿತು. ನೂರಾರು ಬಂದವು, ಒಂದನ್ನು ಉಳಿಸಿಕೊಂಡ. ಆ ಒಂದು ಗೆಡ್ಡೆ ಎರಡಾಯಿತು, ಎರಡು ನಾಲ್ಕಾಯಿತು. ಹನ್ನೆರಡು ವರ್ಷಕ್ಕೆ ನಾಲ್ಕು ಸಾವಿರ. ಆ ಪಾತಿ ಬಿಟ್ಟರೆ ಆ ಹೂವು ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ಹೊಸ ತಳಿಗಳನ್ನು ನೋಡುವ ಸಮಿತಿಯವರು ಬರುವವರಿದ್ದರು. ಅವರು ಅರಳಿದ ಹೂವನ್ನು ನೆಲದಲ್ಲೇ ನೋಡಿ ಒಪ್ಪಿದರೆ ಅದಕ್ಕೊಂದು ಹೆಸರು. ಒಪ್ಪದಿದ್ದರೆ ಹತ್ತೊಂಬತ್ತು ವರ್ಷ ತೊಟ್ಟಿಯ ಹಿಂದಿನ ಹುಚ್ಚು.

ಡೀವರ್ ಆ ಹೂವನ್ನು ನೋಡಿರಲಿಲ್ಲವೆಂದಲ್ಲ. ರೈಂಡರ್ಟ್ ನಡುನಡುವೆ ಐದಾರನ್ನು ಬಕೆಟ್ಟಿನಲ್ಲಿ ತಂದು ಹಾಲಿನ ಕೋಣೆಯಲ್ಲಿ ಇಡುತ್ತಿದ್ದ. "ಚೆನ್ನಾಗಿದೆ" ಎನ್ನುತ್ತಿದ್ದಳು, ಪೈಪು ತೊಳೆಯುತ್ತಲೇ.

ಈಗ ಗೇಟನ್ನು ಹಿಡಿದು ಅಲುಗಿಸಿದಳು. ಗಟ್ಟಿಯಾಗಿತ್ತು. ವಾಪಸು ಹೊರಡಬೇಕಿತ್ತು. ಹೊರಡುವ ಮುಂಚೆ ತಲೆ ಎತ್ತಿದಳು.

ಗೇಟು ತೆರೆದದ್ದು ಅವಳಿಗೆ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹೊಲದ ನಡುವೆ ಟ್ರ್ಯಾಕ್ಟರ್ ಓಡಾಡಲು ಬಿಟ್ಟ ದಾರಿಯಲ್ಲಿ ಇನ್ನೂರು ಹೆಜ್ಜೆ ಹೋಗಿ ನಿಂತದ್ದು ನೆನಪಿತ್ತು. ರಾತ್ರಿ ಚಳಿ ಇದ್ದುದರಿಂದ ಹೂಗಳೆಲ್ಲ ಬಿಗಿಯಾಗಿ ಮುಚ್ಚಿಕೊಂಡಿದ್ದವು. ಎರಡೂ ಕಡೆ ಮೊಣಕಾಲೆತ್ತರಕ್ಕೆ ಕೆಂಪು, ಕಾಲುವೆಯವರೆಗೆ ಕೆಂಪು, ಒಂದೇ ಎತ್ತರ, ಒಂದೂ ಅಲುಗುತ್ತಿರಲಿಲ್ಲ. ಅವಳ ಬಲಗಡೆ ರೈಂಡರ್ಟ್‌ನ ಪಾತಿ. ಹೊರಗಿನಿಂದ ಅದು ಅಷ್ಟೇನೂ ಚೆಂದವಿರಲಿಲ್ಲ. ಹಸಿರು ಮಿಶ್ರಿತ ಬಿಳಿ, ಎಲೆಕೋಸಿನ ಒಳಮೈಯ ಹಾಗೆ.

ಬಿಸಿಲು ಏರಿಯನ್ನು ದಾಟಿ ಪಾತಿಯ ತುದಿಯನ್ನು ಮುಟ್ಟಿತು. ಅಲ್ಲಿನ ಹೂಗಳು ತೆರೆದುಕೊಳ್ಳತೊಡಗಿದವು. ಹೂವು ಅರಳುವುದನ್ನು ಕಣ್ಣಾರೆ ಕಂಡೆ ಎನ್ನುವವರನ್ನು ಡೀವರ್ ನಂಬುತ್ತಿರಲಿಲ್ಲ. ಒಂದನ್ನೇ ದಿಟ್ಟಿಸಿದರೆ ಈಗಲೂ ಕಾಣುತ್ತಿರಲಿಲ್ಲ. ಆದರೆ ನಾಲ್ಕು ಸಾವಿರವನ್ನು ಒಟ್ಟಿಗೆ ನೋಡಿದರೆ ಕಾಣುತ್ತಿತ್ತು. ಬಿಸಿಲಿನ ಅಂಚು ಪಾತಿಯ ಮೇಲೆ ಸರಿದಂತೆಲ್ಲ ಅದರ ಬೆನ್ನಿಗೇ ಬಣ್ಣ ಬದಲಾಗುತ್ತ ಅವಳ ಕಡೆಗೆ ಬರುತ್ತಿತ್ತು. ಒಳಗಿನ ಬಣ್ಣ ಬಿಳಿಯಾಗಿರಲಿಲ್ಲ. ಹಳದಿ ಎನ್ನುವಂತೆಯೂ ಇರಲಿಲ್ಲ. ಅದು ಗಿಣ್ಣಿನ ಬಣ್ಣ. ಕರು ಹಾಕಿದ ಮೊದಲ ಹೊತ್ತಿನಲ್ಲಿ ಮಾತ್ರ ಬರುವ, ಮೂರನೆಯ ದಿನ ಎಷ್ಟು ಹುಡುಕಿದರೂ ಸಿಗದ ಆ ಮಂದ ಬಣ್ಣ. ಐವತ್ತು ವರ್ಷ ಅದನ್ನು ಬಕೆಟ್ಟಿನಲ್ಲಿ ನೋಡಿದ್ದಳು, ಈಗ ಅದು ನೆಲದ ಮೇಲೆ ನಲವತ್ತು ಮೀಟರ್ ಉದ್ದಕ್ಕೆ ಹರಿದಿತ್ತು. ಎಲೆಗಳಿಂದ ಇಬ್ಬನಿ ಉದುರುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವಳಿಗೆ ಟೋಪಿ ತೆಗೆಯಬೇಕೆನಿಸಿತು. ತೆಗೆದಳು.

ಚರ್ಚಿನ ಗಂಟೆ ಒಂಬತ್ತು ಹೊಡೆಯಿತು. ಒಂದು ಗಂಟೆ ಹತ್ತು ನಿಮಿಷ ನಿಂತಿದ್ದಳು. ಹನ್ನೊಂದಕ್ಕೆ ಬರುವ ನೆರೆಯವರಿಗೆ ಕಾಫಿ ಆಗಿಲ್ಲ, ರೊಟ್ಟಿಗೆ ಬೆಣ್ಣೆ ಹಚ್ಚಿಲ್ಲ. ಹಿಂದೆ ನೋಡುತ್ತ ನೋಡುತ್ತಲೇ ಹೊಲದಿಂದ ಹೊರಗೆ ಬಂದು ಮನೆಯ ಕಡೆ ಓಡಿದಳು.

ಹನ್ನೊಂದಕ್ಕೆ ಇಪ್ಪತ್ತು ಜನ ಬೇಲಿಗೆ ಒರಗಿ ನಿಂತಿದ್ದರು. ದನ ಬಿಡುವುದನ್ನು ನೋಡಲು ಪ್ರತಿ ವರ್ಷ ಬರುವವರೇ. ಪಕ್ಕದ ಜಮೀನಿನ ಮುದುಕ ಗೆರ್ಬ್ರಾಂಡ್ ಒಣದ್ರಾಕ್ಷಿ ರೊಟ್ಟಿಯ ಮೂರನೆಯ ತುಂಡು ಕೈಗೆತ್ತಿಕೊಂಡಿದ್ದ.

"ಏನೋ ರೈಂಡರ್ಟ್, ಹೂವಿನ ತಲೆ ಕೊಯ್ಯೋದು ಯಾವಾಗ?"

"ಸೋಮವಾರ."

"ಅಲ್ಲ ಮಾರಾಯ, ಹತ್ತೊಂಬತ್ತು ವರ್ಷ ಕಾದು, ಹೂ ಬಿಟ್ಟ ವಾರಕ್ಕೇ ರುಂಡ ಹಾರಿಸ್ತೀರಲ್ಲ, ನಿಮ್ಮಂಥ ಕಟುಕರನ್ನ ನಾ ಕಾಣೆ."

"ಹೂ ಹಾಗೇ ಬಿಟ್ರೆ ಬೀಜ ಕಟ್ಟೋಕೆ ಶುರು ಮಾಡತ್ತೆ, ಗೆಡ್ಡೆ ಸೊರಗತ್ತೆ. ನೀನು ಕರೂನ ತಾಯಿಂದ ಬಿಡಿಸ್ತೀಯಲ್ಲ, ಹಾಗೆ."

"ನೋಡಮ್ಮ ಡೀವರ್, ಮನೆಯಳಿಯನಿಗೆ ಬಾಯಿ ಬಂದಿದೆ!"

ಡೀವರ್ ನಗಲಿಲ್ಲ. ಕೊಟ್ಟಿಗೆಯ ಬಾಗಿಲ ಅಗಳಿ ಎಳೆದಳು.

ಮೊದಲು ಹೊರಬಂದದ್ದು ಹಿಲ್ಲೆ 23. ಹನ್ನೊಂದು ವರ್ಷದ ಹಸು, ಮಂದೆಯ ಯಜಮಾನಿ. ಹೊಸ್ತಿಲಲ್ಲಿ ಒಮ್ಮೆ ಮೂಸಿ, ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಹಾರಿತು. ಹಿಂದಿನಿಂದ ಐವತ್ತೇಳು ನುಗ್ಗಿದವು. ಆರುನೂರು ಕಿಲೋದ ಹಸುಗಳು ಕರುಗಳ ಹಾಗೆ ಒದೆಯುತ್ತ, ಬಾಲ ಎತ್ತಿ, ಕೆಚ್ಚಲು ತೂಗುತ್ತ ಸುತ್ತು ಓಡಿದವು. ಜನ ಕೇಕೆ ಹಾಕಿದರು. ಎರಡು ಸುತ್ತು ಆದ ಮೇಲೆ ಹಿಲ್ಲೆ ತಲೆ ತಗ್ಗಿಸಿ, ಹಿಂದಿನ ಹತ್ತು ವಸಂತಗಳಲ್ಲಿ ಓಡಿದ ಕಡೆಗೇ ಓಡಿತು. ಕಾಲುವೆಯ ದಾರಿಯ ಕಡೆಗೆ. ಒಳ್ಳೆಯ ಹುಲ್ಲಿದ್ದದ್ದು ಯಾವಾಗಲೂ ಅಲ್ಲಿಯೇ.

"ಗೇಟು!" ಎಂದು ಯಾರೋ ಕೂಗಿದರು.

ಗೇಟು ಹಾರು ಹೊಡೆದಿತ್ತು.

ಡೀವರ್‌ಳಿಗೆ ನೋಡುವ ಮುಂಚೆಯೇ ಗೊತ್ತಾಯಿತು. ಟ್ಯುಲಿಪ್ ದನಕ್ಕೆ ವಿಷ. ಯುದ್ಧದ ಕೊನೆಯ ಚಳಿಗಾಲದಲ್ಲಿ ಮೇವಿಲ್ಲದೆ ಗೆಡ್ಡೆ ತಿನ್ನಿಸಿ ಅವಳ ಅಜ್ಜ ಎರಡು ಹಸು ಕಳೆದುಕೊಂಡಿದ್ದ. ಗಾಬರಿಯಾದ ಮಂದೆ ಚದುರಿದರೆ ಆ ಪಾತಿ ಐದು ನಿಮಿಷಕ್ಕೆ ಕೆಸರು. ಎಲೆ ಹೋದ ಗೆಡ್ಡೆ ಬೆಳೆಯುವುದಿಲ್ಲ. ಎರಡು ಗಂಟೆಗೆ ಬರುವವರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ರೈಂಡರ್ಟ್ ಆಗಲೇ ಕೈ ಬೀಸುತ್ತ ಓಡುತ್ತಿದ್ದ.

"ಓಡಬೇಡ!" ಅವಳು ಕೂಗಿದ್ದು ಅಷ್ಟೇ. ಉಳಿದದ್ದನ್ನು ದನಿ ತಗ್ಗಿಸಿ ಹೇಳಿದಳು: "ರೈಂಡರ್ಟ್, ನಿಂತ್ಕೋ. ಕೈ ಕೆಳಗೆ. ಯಾರೂ ಉಸಿರು ಬಿಡಬೇಡಿ."

ಅವನು ನಿಂತ. ಅವಳು ನಡೆದಳು. ಓಡಿದರೆ ದನ ಓಡುತ್ತದೆ.

ಅವಳು ಕಾಲುವೆ ದಾಟಿದಾಗ ಐವತ್ತೆಂಟು ಹಸುಗಳೂ ಹೊಲದೊಳಗಿದ್ದವು. ಆದರೆ ಹೂವಿನೊಳಗೆ ಇರಲಿಲ್ಲ. ದನ ದಾರಿ ಇದ್ದಲ್ಲಿ ದಾರಿ ಹಿಡಿಯುತ್ತದೆ. ಹಿಲ್ಲೆ ಟ್ರ್ಯಾಕ್ಟರ್ ದಾರಿ ಹಿಡಿದಿತ್ತು, ಉಳಿದವು ಅದರ ಬಾಲ ಹಿಡಿದಿದ್ದವು. ಒಂದರ ಹಿಂದೆ ಒಂದು, ಇಡೀ ಸಾಲು ನಿಂತುಬಿಟ್ಟಿತ್ತು. ಒಂದೂ ಒದೆಯುತ್ತಿರಲಿಲ್ಲ. ಹಿಲ್ಲೆ ನಿಂತದ್ದು ಪಾತಿಯ ಪಕ್ಕದಲ್ಲಿ, ಬೆಳಗ್ಗೆ ಡೀವರ್ ನಿಂತಿದ್ದ ಜಾಗಕ್ಕೆ ನಾಲ್ಕೈದು ಹೆಜ್ಜೆ ಈಚೆ. ಈಗ ಹೂಗಳೆಲ್ಲ ಬಟ್ಟಲಿನಷ್ಟು ಅರಳಿದ್ದವು. ಹಸು ಕತ್ತು ಚಾಚಿ, ಮೂಗಿನ ಹೊಳ್ಳೆ ಅಗಲಿಸಿ, ಅವುಗಳ ಮೇಲೆ ಉಸಿರು ಬಿಡುತ್ತಿತ್ತು. ಉಸಿರಿಗೆ ಹತ್ತಿಪ್ಪತ್ತು ಹೂಗಳು ಬಾಗಿ ಮತ್ತೆ ಎದ್ದು ನಿಲ್ಲುತ್ತಿದ್ದವು.

ಅಲ್ಲಿ ಹಸುವನ್ನು ತಿರುಗಿಸಲು ಜಾಗವಿರಲಿಲ್ಲ. ತಿರುಗಿಸಿದರೆ ಪಾತಿ ಸತ್ತಂತೆ. ಮುಂದಕ್ಕೇ ಕರೆದೊಯ್ದು, ಹೊಲದ ಆ ತುದಿಯಲ್ಲಿ ತಿರುಗಿಸಿ, ಕಾಲುವೆಯ ಅಂಚಿನಲ್ಲಿ ವಾಪಸು ತರಬೇಕು. ಡೀವರ್ ಹಸುಗಳ ಪಕ್ಕೆಗೆ ಮೈ ಒತ್ತಿಕೊಂಡು, ಒಂದೊಂದರ ಬೆನ್ನನ್ನೂ ಅಂಗೈಯಿಂದ ಮುಟ್ಟುತ್ತ ಸಾಲಿನ ಮುಂದಕ್ಕೆ ಹೋದಳು. ಐವತ್ತೆಂಟು ಬೆನ್ನು. ಹಿಲ್ಲೆಯ ಮುಂದೆ ಬಂದು ನಿಂತಳು.

"ನೋಡಿದ್ದು ಸಾಕು ಕಣೇ ಮುದುಕಿ" ಎಂದಳು ಮೆಲ್ಲಗೆ. "ನಾನೂ ನೋಡಿದೀನಿ. ಬಾ ಈಗ. ಬಾ, ಬಾ."

ಬೆನ್ನು ತಿರುಗಿಸಿ ನಡೆದಳು. ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಹಸು ನಿಲ್ಲುತ್ತದೆ. ಇಪ್ಪತ್ತು ಹೆಜ್ಜೆಯ ಮೇಲೆ ಬೆನ್ನಿಗೆ ಬಿಸಿ ಉಸಿರು ತಾಗಿತು.

ಏರಿಯ ಮೇಲೆ ಹತ್ತಿ ನಿಂತ ಜನರಿಗೆ ಹಸುಗಳ ಕಾಲು ಕಾಣುತ್ತಿರಲಿಲ್ಲ. ಕೆಂಪಿನ ಮೇಲೆ ಕಪ್ಪು ಬಿಳುಪು ಬೆನ್ನುಗಳು ತೇಲುತ್ತ ಹೋಗುವುದು, ಅವುಗಳ ಮುಂದೆ ನೀಲಿ ಮೇಲಂಗಿಯ ಒಬ್ಬ ಹೆಂಗಸು, ಅಷ್ಟು ಕಾಣುತ್ತಿತ್ತು. ಗೆರ್ಬ್ರಾಂಡ್‌ನ ಕೈಯಲ್ಲಿ ರೊಟ್ಟಿ ಹಾಗೇ ಇತ್ತು. ಮೆರವಣಿಗೆ ಹೊಲದ ತುದಿ ಮುಟ್ಟಿ, ತಿರುಗಿ, ಕಾಲುವೆಯ ಅಂಚು ಹಿಡಿದು ಗೇಟು ದಾಟಿ ಹೊರಬರಲು ಹದಿನೇಳು ನಿಮಿಷ ಹಿಡಿಯಿತು. ಕೊನೆಯ ಹಸು ದಾಟಿದ ಮೇಲೆ ಡೀವರ್ ಗೇಟು ಎಳೆದು, ಚಿಲಕ ಹಾಕಿ, ಕೈಯಿಂದ ಮುಟ್ಟಿ ಅಲುಗಿಸಿದಳು.

ಆಗ ಎಲ್ಲರಿಗೂ ಬಾಯಿ ಬಂತು.

"ಗೆಡ್ಡೆಯವನ ಕೈಗೆ ಗೇಟು ಕೊಟ್ರೆ ಇನ್ನೇನಾಗತ್ತೆ!" ಗೆರ್ಬ್ರಾಂಡ್ ಶುರು ಮಾಡಿದ. "ಆವತ್ತು ಚರ್ಚು, ಇವತ್ತು ತನ್ನ ಹೊಲಕ್ಕೇ. ಹತ್ತೊಂಬತ್ತು ವರ್ಷದ ಬೆಳೆ ಕಣೋ! ಒಂದು ಚಿಲಕ ಹಾಕೋಕೆ ಆಗಲಿಲ್ವಾ ನಿನಗೆ?"

ರೈಂಡರ್ಟ್‌ನ ಮುಖ ಬಿಳುಚಿತ್ತು. "ಹಾಕಿದ್ದೆ ಅಂದ್ಕೊಂಡಿದ್ದೆ" ಎಂದ. "ಆರು ಗಂಟೆಗೆ ಬಂದಿದ್ದೆ. ಕತ್ತಲಿತ್ತು. ಇಲ್ಲ... ನಾನೇ ಇರಬೇಕು. ಇನ್ಯಾರು?"

ಡೀವರ್‌ಳ ಜೀವನದಲ್ಲಿ ಸುಮ್ಮನಿದ್ದರೆ ನಡೆದುಹೋಗುತ್ತಿದ್ದ ಗಳಿಗೆ ಯಾವುದಾದರೂ ಇದ್ದರೆ ಅದು ಇದು. ಇಡೀ ಸೀಮೆಯಲ್ಲಿ ಯಾರೂ ಅವಳನ್ನು ಕೇಳುತ್ತಿರಲಿಲ್ಲ.

"ನಾನು" ಎಂದಳು.

"ಏನು ನೀನು?"

"ಗೇಟು ತೆರೆದಿಟ್ಟೋಳು ನಾನು. ಅವನು ಹಾಕಿದ್ದ. ನಾನು ಮುಟ್ಟಿ ನೋಡಿದೆ, ಗಟ್ಟಿಯಾಗಿ ಹಾಕಿದ್ದ."

ಗೆರ್ಬ್ರಾಂಡ್ ನಕ್ಕ. "ಗಂಡನ ಮೇಲಿನ ಪ್ರೀತಿಗೂ ಒಂದು ಮಿತಿ ಬೇಕಮ್ಮ."

"ಪ್ರೀತಿ ಅಲ್ಲ ಗೆರ್ಬ್ರಾಂಡ್. ಏಳು ಐವತ್ತಕ್ಕೆ ಒಳಗೆ ಹೋದೆ, ಒಂಬತ್ತಕ್ಕೆ ಬಂದೆ. ಹಾಕೋದು ಮರೆತೆ."

ರೈಂಡರ್ಟ್ ಅವಳನ್ನೇ ನೋಡುತ್ತಿದ್ದ.

"ಒಂದು ಗಂಟೆ ಅಲ್ಲೇನು ಮಾಡ್ತಿದ್ದೆ?" ಎಂದ.

"ನಿಂತಿದ್ದೆ."

"ಕಾಲಿಡಲ್ಲ ಅಂದಿದ್ದೆ."

"ಅಂದಿದ್ದೆ."

ಇಬ್ಬರೂ ಪಾತಿಗೆ ಹೋಗಿ ಎಣಿಸಿದರು. ದಾರಿಯ ಅಂಚಿನಲ್ಲಿ ನಲವತ್ತಮೂರು ಗಿಡ ಮುರಿದಿದ್ದವು. ಒಂದು ಹೂವು ತೊಟ್ಟಿನವರೆಗೆ ಕಾಣೆಯಾಗಿತ್ತು, ಹಿಲ್ಲೆಯ ಕೆಲಸ.

ಸಮಿತಿಯವರು ಎರಡು ಗಂಟೆಗೆ ಸರಿಯಾಗಿ ಬಂದರು. ಮುಂದಾಳು ಶ್ರೀಮತಿ ಕ್ರೂನ್ ಎಂಬ ಎಪ್ಪತ್ತರ ಹೆಂಗಸು ಪಾತಿಯ ಉದ್ದಕ್ಕೂ ಎರಡು ಸಲ ನಡೆದರು, ಒಂದು ಹೂವನ್ನು ಸೀಳಿ ನೋಡಿದರು, ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಗೊರಸಿನ ಗುರುತು ನೋಡಿ ಇದೇನೆಂದು ಕೇಳಿದರು. "ನಮ್ಮ ಹಸುಗಳು ನಿಮಗಿಂತ ಮೊದಲು ನೋಡಿಹೋದ್ವು" ಎಂದ ರೈಂಡರ್ಟ್. ಅವರು ಅದನ್ನು ಬರೆದುಕೊಳ್ಳಲಿಲ್ಲ. ಒಪ್ಪಿಗೆಯ ಕಾಗದದಲ್ಲಿ ಹೆಸರಿನ ಸಾಲು ಖಾಲಿ ಇತ್ತು. ರೈಂಡರ್ಟ್ ಪೆನ್ನನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು 'ಮೊದಲ ಹಾಲು' ಎಂದು ಬರೆದಳು.

ಹಿಲ್ಲೆ 23 ಸಂಜೆ ಎಂದಿನಷ್ಟೇ ಹಾಲು ಕೊಟ್ಟಿತು.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅಣ್ಣನ ಯಂತ್ರ ಬಂದು ಕೆಂಪು ಹೂಗಳ ತಲೆ ಕೊಯ್ದಿತು. ನಡುವಿನ ಪಾತಿಯನ್ನು ರೈಂಡರ್ಟ್ ಮತ್ತು ಡೀವರ್ ಎರಡು ತುದಿಯಿಂದ ಶುರು ಮಾಡಿ ಕೈಯಿಂದ ಮುರಿದರು. ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಹೊರಗೆ ಬರುವಾಗ ಗೇಟು ಹಾಕಿದವನು ರೈಂಡರ್ಟ್.