ಹಿಂದುಹಿಂದಾಗಿ ಹತ್ತಿದ ಏರು

ಆ ಬೆಟ್ಟದ ಏರನ್ನು ನಮ್ಮ ಮೋಟಾರು ಹಿಂದುಹಿಂದಾಗಿ ಹತ್ತಿತು. ಕೇಳಿದವರು ಇಂದಿಗೂ ನಗುತ್ತಾರೆ. ನೋಡಿದವರು ಅಂದೂ ನಕ್ಕಿದ್ದರು. ಗುಜರಿಯವನ ಅಂಗಳದಲ್ಲಿ ಕೋಳಿಗಳಿಗೆ ಗೂಡಾಗಿದ್ದ ಆ ಗಾಡಿಯನ್ನು ನಾನೂ ನನ್ನ ಹೆಂಡತಿಯೂ ವರ್ಷಗಟ್ಟಲೆ ರಜಾದಿನಗಳನ್ನೆಲ್ಲ ಸುರಿದು ಎಬ್ಬಿಸಿ ನಿಲ್ಲಿಸಿದ್ದೆವು. ಅದಕ್ಕೆ ಪಂಪಿರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲು ತಾನಾಗಿಯೇ ಇಳಿದು ಎಂಜಿನ್ನಿಗೆ ಹೋಗಬೇಕು. ಕಡಿದಾದ ಏರಿನಲ್ಲಿ ಮೂತಿ ಮೇಲಾಯಿತೆಂದರೆ ಹರಿವು ನಿಂತು ಗಾಡಿಯೂ ನಿಲ್ಲುತ್ತಿತ್ತು. ಹಳೆಯ ಮೋಟಾರುಗಳ ಸ್ಪರ್ಧೆಯಲ್ಲಿ ಅದೇ ಆಯಿತು; ಎರಡನೆಯ ತಿರುವಿನಲ್ಲಿ ಕೆಮ್ಮಿ, ಉಸಿರು ಬಿಟ್ಟಿತು. ಹಿಂದೆ ಬರುತ್ತಿದ್ದವರೆಲ್ಲ ಕೈಬೀಸುತ್ತ ದಾಟಿಹೋದರು.

"ರೀ, ಇದರ ಬೆನ್ನು ಬೆಟ್ಟದ ಕಡೆ ತಿರುಗಿಸಿ. ಮೂತಿ ಕೆಳಗಿದ್ರೆ ಕುಡಿಯುತ್ತೆ ತಾನೆ?" ಎಂದಳು ಅವಳು.

"ಹಿಂದೆ ನೋಡೋರು ಯಾರೇ? ನನ್ನ ಕತ್ತು ಅಷ್ಟು ತಿರುಗಲ್ಲ."

"ನಾನಿಲ್ವಾ? ಮದುವೆ ಆದಾಗಿನಿಂದ ನಿಮಗೆ ದಾರಿ ತೋರಿಸ್ತಿರೋದು ಇನ್ಯಾರು?"

ಬಾಗಿಲನ್ನು ಅರೆತೆರೆದು, ಅದರ ಪಕ್ಕದಲ್ಲಿ ಗಾಡಿಯ ಚಾವಣಿ ಹೊತ್ತ ಕಂಬಕ್ಕೆ ತಾನೇ ಹೊಲಿದು ಬಿಗಿದಿದ್ದ ಚರ್ಮದ ಪಟ್ಟಿಯನ್ನು ಹಿಡಿದು ಅವಳು ಹೊರಕ್ಕೆ ಜೋತುಬಿದ್ದಳು. "ಬಲಕ್ಕೆ... ಇನ್ನೂ ಬಲಕ್ಕೆ... ಸಾಕು ಅಂದ್ರೆ ಸಾಕು!" ಎಂದು ಗಂಟಲು ಹರಿಯುವಂತೆ ಕೂಗುತ್ತ ನನ್ನನ್ನು ನೆತ್ತಿ ಮುಟ್ಟಿಸಿದಳು. ಬಹುಮಾನ ಬರಲಿಲ್ಲ. ಆದರೆ ಕೆಳಗೆ ನಕ್ಕವರೇ ಮೇಲೆ ಎದ್ದುನಿಂತು ಚಪ್ಪಾಳೆ ತಟ್ಟಿದರು.

ನನ್ನ ಮಂಡಿಗಳು ಕೈಕೊಟ್ಟ ಮೇಲೆ, ಆ ಗಾಡಿ ಹುಟ್ಟಿದ ಕಾರ್ಖಾನೆಯ ಸಂಗ್ರಹಾಲಯಕ್ಕೇ ಅದನ್ನು ಒಪ್ಪಿಸಿದೆವು. "ಒಳ್ಳೇ ಮನೆ ಸೇರ್ತಿದೆ, ಅಳೋದೇನು?" ಎಂದವಳೇ ಮೊದಲು ಕಣ್ಣೊರೆಸಿಕೊಂಡಳು. ಮರುವರ್ಷ ತೀರಿಕೊಂಡಳು. ಅವಳ ಬಟ್ಟೆಬರೆಗಳನ್ನು ಹೆಣ್ಣುಮಕ್ಕಳು ಹಂಚಿಕೊಂಡರು. ಅವಳ ಅಂಗೈಯ ಬೆವರು ಕುಡಿದು ಕಪ್ಪಾಗಿದ್ದ ಆ ಪಟ್ಟಿಯನ್ನು ಇನ್ನೊಮ್ಮೆ ಹಿಡಿಯಬೇಕೆಂಬ ಒಂದೇ ಆಸೆ ನನ್ನಲ್ಲಿ ಉಳಿಯಿತು. ಅದನ್ನು ಮೊಮ್ಮಗಳಿಗೆ ಹೇಳಿದ್ದೆ; ಅವಳೇ ಕರೆದುಕೊಂಡು ಹೊರಟಳು.

ಸಂಗ್ರಹಾಲಯಕ್ಕೆ ಕಾರ್ಖಾನೆಯನ್ನು ಹಾದೇ ಹೋಗಬೇಕು. ಮೋಟಾರಿನ ಹುಚ್ಚು ಹಿಡಿದವನಿಗೆ ಅದೊಂದು ಲೋಕ. ಯಂತ್ರದ ತೋಳುಗಳು ಕಿಡಿ ಕಾರುತ್ತ ತಗಡಿಗೆ ತಗಡು ಬೆಸೆಯುತ್ತಿದ್ದವು. ಬಣ್ಣ ಕಂಡ ಬಾಗಿಲುಗಳು ತಮ್ಮ ಕಾರುಗಳನ್ನಗಲಿ, ತಲೆಯ ಮೇಲಿನ ಸರಪಳಿಯಲ್ಲಿ ತೂಗುತ್ತ ಬೇರೆಯೇ ದಾರಿಯಲ್ಲಿ ಸಾಗಿ, ಕೊನೆಯಲ್ಲಿ ತಪ್ಪದೆ ತಮ್ಮ ತಮ್ಮ ಕಾರನ್ನೇ ಸೇರುತ್ತಿದ್ದವು. ನಾನು ಕತ್ತೆತ್ತಿ ನಿಂತುಬಿಟ್ಟೆ.

"ಬಾಯಿ ಮುಚ್ಕೋ ತಾತ, ನೊಣ ನುಗ್ಗೀತು," ಎಂದಳು ಮೊಮ್ಮಗಳು.

"ನುಗ್ಗಲಿ ಬಿಡೇ. ಅದಕ್ಕೂ ಕಾರ್ಖಾನೆ ನೋಡಿದ ಪುಣ್ಯ ಬರ್ಲಿ."

ಸಂಗ್ರಹಾಲಯದ ನಡುವೆ, ಎತ್ತರದ ಕಟ್ಟೆಯ ಮೇಲೆ ನಮ್ಮ ಗಾಡಿ ನಿಂತಿತ್ತು. ನನಗೆ ಗುರುತು ಸಿಗಲಿಲ್ಲ. ಹಿತ್ತಾಳೆಯ ದೀಪಗಳಲ್ಲಿ ಮುಖ ಕಾಣುತ್ತಿತ್ತು. ಅದನ್ನು ಹೊಸದುಮಾಡಿದ ಮೆಕ್ಯಾನಿಕ್ಕು, ನನ್ನ ಮಗನಷ್ಟು ವಯಸ್ಸಿನವನು, ಕೈಯೊರೆಸಿಕೊಳ್ಳುತ್ತ ಓಡಿಬಂದ.

"ಹೇಗಿದೆ ಸಾರ್? ಹುಟ್ಟಿದ ದಿನ ಹೇಗಿತ್ತೋ ಹಾಗೇ ಮಾಡಿದ್ದೀನಿ. ಕಾರ್ಖಾನೇದಲ್ಲದ ಒಂದು ಮೊಳೆನೂ ಉಳಿಸಿಲ್ಲ."

ನನ್ನ ಕಣ್ಣು ಬಾಗಿಲ ಪಕ್ಕದ ಕಂಬಕ್ಕೆ ಹೋಯಿತು. ಅಲ್ಲಿ ಬಣ್ಣದ ನುಣುಪಿತ್ತು, ಇನ್ನೇನೂ ಇರಲಿಲ್ಲ.

"ಇಲ್ಲೊಂದು ಚರ್ಮದ ಪಟ್ಟಿ ಇತ್ತಲ್ಲ?" ಎಂದಳು ಮೊಮ್ಮಗಳು.

"ಅದಾ ಮೇಡಂ? ಯಾರೋ ಮನೇಲಿ ಹೊಲಿದು ಸಿಕ್ಕಿಸಿದ್ರು. ಹಳೇ ಸಾಮಾನಿನ ಜೊತೆ ಆಗಲೇ ಹೋಯ್ತು. ಯಾಕೆ, ಬೇಕಿತ್ತಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ಕೈಯನ್ನು ಅದುಮಿದೆ. ಅವನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಅಪರಿಚಿತರ ಗಾಡಿಯೊಂದು ನನ್ನ ಕೈಗೆ ಬಂದಿದ್ದರೆ, ಅಂಥ ಪಟ್ಟಿಯನ್ನು ನಾನೂ ಎರಡು ಬಾರಿ ನೋಡದೆ ಕಿತ್ತೆಸೆಯುತ್ತಿದ್ದೆ.

"ಬಹಳ ಚೆನ್ನಾಗಿ ಮಾಡಿದ್ದೀರಪ್ಪಾ," ಎಂದೆ. ಅವನ ಮುಖ ಅರಳಿತು.

"ಹತ್ತಿ ಕೂತ್ಕೊಳ್ಳಿ ಸಾರ್. ಯಾರನ್ನೂ ಬಿಡಲ್ಲ; ನಿಮಗೆ ಇಲ್ಲ ಅನ್ನೋಕಾಗುತ್ತಾ?" ಎಂದು ಕೈಹಿಡಿದು ಹತ್ತಿಸಿ, ಬೇರೆ ಜನ ಕರೆದರೆಂದು ಅತ್ತ ಹೋದ.

ಹೊಸ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಮೊಮ್ಮಗಳು ಸುತ್ತಿಬಂದು ಪಕ್ಕದಲ್ಲಿ ಕುಳಿತಳು. ನಾನು ಅವಳನ್ನು ದಾಟಿ ಕೈಚಾಚಿ ಆ ಕಂಬವನ್ನು ಸವರಿದೆ. ಪಟ್ಟಿ ಬಿಗಿದಿದ್ದ ಮೊಳೆಯ ತೂತನ್ನೂ ಬೆರಳಿಗೆ ತಿಳಿಯದಂತೆ ಮುಚ್ಚಿದ್ದರು. ಅಷ್ಟು ಅಚ್ಚುಕಟ್ಟಾದ ಕೆಲಸ. ಮೇಲಕ್ಕೂ ಕೆಳಕ್ಕೂ ಮತ್ತೆ ಮತ್ತೆ ಸವರಿದೆ. ಹೆಂಡತಿ ತೀರಿಕೊಂಡ ದಿನ ಮನೆ ತುಂಬ ಜನರಿದ್ದರು; ಸಮಾಧಾನ ಹೇಳುವವರನ್ನು ಸಮಾಧಾನಪಡಿಸುವುದರಲ್ಲೇ ಹೊತ್ತು ಹೋಗಿತ್ತು. ಈಗ ಕನ್ನಡಕ ತೆಗೆಯಬೇಕಾಯಿತು.

ಮೊಮ್ಮಗಳು ಸಮಾಧಾನ ಹೇಳಲಿಲ್ಲ. ಬಾಗಿಲನ್ನು ಮೆಲ್ಲಗೆ ಅರೆತೆರೆದು, ಹಿಂದಕ್ಕೆ ತಿರುಗಿ ನೋಡಿದಳು.

"ಅಜ್ಜಿ ಕೂತಿದ್ದು ಈ ಕಡೆನೇ ಅಲ್ವಾ ತಾತ?"

"ಹೂಂ ಕಣೇ. ಗೊತ್ತಲ್ಲ ನಿಂಗೆ, ಎಷ್ಟು ಸಲ ಕೇಳಿದ್ದೀಯ."

"ಇನ್ನೊಂದ್ಸಲ ಹೇಳು. ಎರಡನೇ ತಿರುವಲ್ಲಿ ನಿಂತ್ಹೋಯ್ತಲ್ಲ, ಅಲ್ಲಿಂದ."