ಜಗಲಿಗೊಂದು ಕೊನೆ, ಒಳಮನೆಗೊಂದು ಕೊನೆ

ಬಹಳ ಹಿಂದಿನ ಮಾತೇನಲ್ಲ, ಮೊನ್ನೆ ಅವರೆಕಾಯಿ ಸುಗ್ಗಿಯ ಕಾಲಕ್ಕೆ, ಚಿನಕುರಳಿ ಅಂತ ಒಂದೂರು. ಆ ಊರಲ್ಲಿ ಪುಟ್ಟಗೌರಮ್ಮ ಅನ್ನುವ ಅಜ್ಜಿ. ಅಜ್ಜಿಗೊಂದು ಕಥೆ, ಕಥೆಗೆ ಎರಡು ಕೊನೆ. ಎರಡನೆಯದೊಂದು ಇದೆ ಅನ್ನುವುದು ಮೊಮ್ಮಗಳು ಅರ್ಪಿತಳಿಗೆ ಗೊತ್ತಿರಲಿಲ್ಲ.

ಅರ್ಪಿತ ಪಾಂಡವಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಶ್ರೀಲಂಕಾದ ಲೇಖಕಿಯೊಬ್ಬಳು ಏಳು ದೇಶದ ಹೆಂಗಸರ ಕಥೆಗಳನ್ನು ಒಂದೇ ಪುಸ್ತಕದಲ್ಲಿ ತರುವವಳಿದ್ದಳು. ಅಜ್ಜಿಯ ಕಥೆಯನ್ನು ಇಂಗ್ಲಿಷಿಗೆ ತಿರುಗಿಸಿ ಕೊಡುತ್ತೇನೆಂದು ಅರ್ಪಿತ ಅವಳಿಗೆ ಮಾತು ಕೊಟ್ಟಳು. ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ಮೊಬೈಲಿನಲ್ಲಿ ಹಿಡಿದು, ಬರೆದು ಕಳಿಸಿಯೂ ಆಯಿತು.

ಕಥೆ ಇಷ್ಟು. ಒಬ್ಬ ಗಂಡ ತನ್ನ ಹೆಂಡತಿಯ ದನಿಯನ್ನು ಸೋರೆಬುರುಡೆಯೊಳಗೆ ತುಂಬಿ ಅಟ್ಟದಲ್ಲಿಡುತ್ತಾನೆ. ಹನ್ನೆರಡು ವರ್ಷ ಅವಳಿಗೆ ಮಾತಿಲ್ಲ. ಒಂದು ದಿನ ಇಲಿ ಓಡಿಸಲು ಅಟ್ಟ ಹತ್ತಿದವಳು ಬುರುಡೆಯನ್ನು ಕಂಡು ಒಡೆಯುತ್ತಾಳೆ. ದನಿ ಬರುತ್ತದೆ. ಬಂದ ದನಿಯಲ್ಲಿ ಹೊಲದಲ್ಲಿದ್ದ ಗಂಡನನ್ನು ಊಟಕ್ಕೆ ಕೂಗುತ್ತಾಳೆ. ಇಬ್ಬರೂ ಸುಖವಾಗಿರುತ್ತಾರೆ.

ಗುರುವಾರ ಲೇಖಕಿಯ ಉತ್ತರ ಬಂತು. 'ನನ್ನ ಅಜ್ಜಿಯೂ ಇದನ್ನೇ ಹೇಳುತ್ತಿದ್ದಳು. ನಮ್ಮಲ್ಲಿ ದನಿ ಇರುವುದು ಮಡಕೆಯಲ್ಲಿ. ಆದರೆ ನಮ್ಮವಳು ಯಾರನ್ನೂ ಊಟಕ್ಕೆ ಕೂಗುವುದಿಲ್ಲ. ಇನ್ನೊಮ್ಮೆ ಕೇಳಿ ನೋಡಿ. ಕೊನೆ ಇದೇ ಆದರೆ ಪುಸ್ತಕಕ್ಕೆ ಬೇಡ. ಶನಿವಾರ ಸಂಜೆಯವರೆಗೆ ಕಾಯುತ್ತೇನೆ.'

ಶನಿವಾರ ಮಧ್ಯಾಹ್ನ ಅಜ್ಜಿ ಒಳಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ಅರ್ಪಿತ ಪಕ್ಕದಲ್ಲಿ ಕೂತು ಲೇಖಕಿಯ ಉತ್ತರದಲ್ಲಿದ್ದುದನ್ನು ಹೇಳಿದಳು.

"ಅವತ್ತು ಜಗ್ಲಿ ಮೇಲೆ ನಿಮ್ ದೊಡ್ಡಪ್ಪ ಕೂತಿರ್ನಿಲ್ವಾ? ಅದು ಜಗ್ಲಿ ಕೊನೆ ಕೂಸೇ. ನಮ್ಮತ್ತೆ ನಂಗೆ ಕಾಳು ಇತುಕ್ತಾ ಏಳಿದ್ದೇ ಬ್ಯಾರೆ."

"ಅದನ್ನ ಹೇಳಜ್ಜಿ ಮತ್ತೆ."

"ಆಣೆ ಆಕುಸ್ಕೊಂಡವ್ಳೆ ಕಣೇ. ಗಂಡಸ್ರ ಕಿವೀಗೆ ಬೀಳ್ಬಾರ್ದು ಅಂತ. ನಿನ್ ಪುಸ್ತಕ ಏನು, ಓದೋದು ಎಂಗಸೋ ಗಂಡಸೋ ಅಂತ ನೋಡಿ ತೆರ್ಕತದಾ?"

"ಇಲ್ಲ."

ಅರ್ಪಿತ ಒತ್ತಾಯ ಮಾಡಲಿಲ್ಲ. ಒಂದು ಹಿಡಿ ಕಾಳು ತೆಗೆದುಕೊಂಡು ತಾನೂ ಹಿತಕಿದಳು. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಬೋಗುಣಿ ಅರ್ಧ ತುಂಬಿದ ಮೇಲೆ ಅಜ್ಜಿಯೇ ಕೇಳಿದಳು.

"ಆ ಸೀಮೇಲೂ ಗಂಡಸ್ರು ಜಗ್ಲಿ ಮೇಲೆ ಕೂತ್ಕತಾರಂತಾ?"

"ಕೂತ್ಕೋತಾರಂತೆ."

"ಆದ್ರೂ ಆ ವಮ್ಮ ಅವ್ರಜ್ಜಿ ಕತೆಯ ಪುಸ್ತಕುಕ್ಕೆ ಆಕ್ತಾವ್ಳೆ?"

"ಮೊದಲನೇ ಕಥೆ ಅದೇ, ಅಜ್ಜಿ."

"ಅಂಗಾರೆ ನಮ್ಮತ್ತೆ ಬೈದ್ರೆ ನಾನು ಬೈಸ್ಕತೀನಿ. ಬರ್ಕೊ."

ಅಜ್ಜಿ ಕಥೆಯನ್ನು ಮೊದಲಿನಿಂದ ಎತ್ತಿಕೊಂಡಳು. ಬುರುಡೆ ಒಡೆಯುವ ಹೊತ್ತಿಗೆ ಡೈರಿಗೆ ಹಾಲು ಹಾಕಿ ಬಂದ ದೊಡ್ಡಪ್ಪ ಹೊನ್ನಪ್ಪ, ಖಾಲಿ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತ.

"ಏನವ್ವಾ, ಮೊಮ್ಮಗಳ ಮುಂದೆ ಇನ್ನೂ ಬುರ್ಡೆ ಬುಡ್ತಾನೇ ಇದ್ದೀಯಾ?"

ಅರ್ಪಿತಳ ಪೆನ್ನು ನಿಂತಿತು. ಅಜ್ಜಿ ಮಗನನ್ನು ನೋಡಿದಳು, ಬಾಗಿಲನ್ನು ನೋಡಿದಳು. ದನಿ ತಗ್ಗಿಸಲಿಲ್ಲ.

"ದನಿ ಬಂತಾ? ಬಂದೇಟ್ಗೆ ಅವ್ಳು ಯಾರ್ನೂ ಕೂಗ್ನಿಲ್ಲ. ಅಟ್ಟ ಇಳುದ್ಲು. ಪಕ್ಕದ್ ಮನೇಗೋಗಿ ಅವ್ರ ಅಟ್ಟ ಅತ್ತುದ್ಲು. ಅಲ್ಲೊಂದು ಬುರ್ಡೆ ಇತ್ತು, ಒಡುದ್ಲು. ಆ ಮನೆಯವ್ಳ್ನೂ ಕರ್ಕೊಂಡು ಮುಂದ್ಲ ಮನೇಗೋದ್ಲು. ಬೀದಿ ಮುಗೀತು, ಊರು ಮುಗೀತು, ಪಕ್ಕದೂರಿಗೋದ್ರು. ಇನ್ನೂ ಓಗ್ತಾನೇ ಅವ್ರೆ."

"ನಾನು ಚಿಕ್ಕೋನಾಗಿ ಕೇಳ್ದಾಗ ಗಂಡನ್ನ ಊಟುಕ್ಕೆ ಕರುದ್ಲಲ್ಲವ್ವಾ?" ಅಂದ ಹೊನ್ನಪ್ಪ.

"ಅದು ನಿಂಗೆ ಏಳಿದ್ದು ಕಣ್ಲಾ."

ಹೊನ್ನಪ್ಪ ಮೇಲೆ ಅಟ್ಟದ ಕಡೆ ಒಮ್ಮೆ ನೋಡಿದ. ಆಮೇಲೆ ಕ್ಯಾನು ತೊಳೆಯಲು ಬಚ್ಚಲಿಗೆ ಹೋದ.

ಅರ್ಪಿತ ಹಳೆಯ ಕೊನೆಯನ್ನು ಅಳಿಸಿ ಹೊಸದನ್ನು ಬರೆದಳು. ಒಂದು ಸಲ ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿ, ಐದೂವರೆಗೆ ಕಳಿಸಿದಳು.

"ಒಂಟೋಯ್ತಾ?" ಅಂದಳು ಅಜ್ಜಿ.

"ಹೋಯ್ತಜ್ಜಿ."